ಬೋರ್ಡೂ ಇರಲಿ, ಬಕೆಟ್ಟೂ ಇರಲಿ

ಹಾಸನದಲ್ಲಿ ಕ್ಯಾಮೆರಾ ಕೊಂಡವರ ಹತ್ತಿರ ಕೆಲವು ಫೋಟೊ ಇದ್ದೇ ಇರುತ್ತವೆ. ಕನ್ನಡಿ ಹಿಡಿದ ಬೇಲೂರಿನ ದರ್ಪಣ ಸುಂದರಿ. ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಶೆಟ್ಟಿಹಳ್ಳಿ ಚರ್ಚು. ಕೆಳಗೆ ಕೂತು ಕತ್ತೆತ್ತಿ ತೆಗೆದ ಗೊಮ್ಮಟ. ಮಂಜು ಮುಸುಕಿದ ಮುಳ್ಳಯ್ಯನಗಿರಿ. ಡ್ರೋನ್ ಇದ್ದವರಾದರೆ ಮಂಜರಾಬಾದ್ ಕೋಟೆಯ ಎಂಟು ಮೂಲೆಯ ನಕ್ಷತ್ರ. ಡ್ರೋನಿನದ್ದೊಂದು ಬಿಟ್ಟರೆ ನನ್ನ ಹತ್ತಿರವೂ ಎಲ್ಲಾ ಇವೆ. ಒಂದರಲ್ಲೂ ಮನುಷ್ಯರಿಲ್ಲ. ಕಸದ ಬುಟ್ಟಿ ಇಲ್ಲ, ಕರೆಂಟ್ ವೈರ್ ಇಲ್ಲ, ‘ಪಾದರಕ್ಷೆ ಇಲ್ಲಿ ಬಿಡಿ’ ಅನ್ನೋ ಬೋರ್ಡೂ ಇಲ್ಲ. ಹೊಯ್ಸಳರು ನಿನ್ನೆ ಸಂಜೆ ಬೀಗ ಹಾಕಿಕೊಂಡು ಹೋದ ಹಾಗಿವೆ.

ಈ ಫೋಟೊಗಳು ಚೆನ್ನಾಗಿಲ್ಲ ಅಂತ ನಾನು ಹೇಳುವುದಿಲ್ಲ. ಚೆನ್ನಾಗಿಯೇ ಇವೆ. ಆದರೆ ಇವು ಯಾವ ವರ್ಷದವು ಅಂತ ಯಾರಾದರೂ ಕೇಳಿದರೆ, ಫೋಟೊ ನೋಡಿ ಉತ್ತರ ಹೇಳಲು ಆಗುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ನಮ್ಮದೊಂದು ಸಣ್ಣ ಗುಂಪು. ಯಾರೂ ಇದರಿಂದ ಹೊಟ್ಟೆ ಹೊರೆಯುವವರಲ್ಲ. ಒಬ್ಬನದು ಮೆಡಿಕಲ್ ಶಾಪು, ಒಬ್ಬಳು ಬ್ಯಾಂಕಿನವಳು, ಇನ್ನೊಬ್ಬರು ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಬಿಡುವಾದರೆ ಬೆಳಿಗ್ಗೆ ಕತ್ತಲಿರುವಾಗಲೇ ಹೊರಡುತ್ತೇವೆ. ದಾರಿಯಲ್ಲಿ ಎಲ್ಲಾದರೂ ಇಡ್ಲಿ, ಕಾಫಿ. ಮೇಷ್ಟ್ರಿಗೆ ಇಡ್ಲಿ ಬಿಸಿ ಇರಲೇಬೇಕು, ಇಲ್ಲವಾದರೆ ಆ ದಿನದ ಬೆಳಕೇ ಸರಿಯಿಲ್ಲ ಅನ್ನುತ್ತಾರೆ.

ಬೆಳಕಿನ ವಿಷಯ ಬಂದರೆ ಹಾಸನ ಜಿಲ್ಲೆಯವರು ಅದೃಷ್ಟವಂತರು. ನಮಗೆ ಸಿಕ್ಕಿರುವುದು ಬಳಪದ ಕಲ್ಲಿನ ಗುಡಿಗಳು. ಈ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಶಿಲ್ಪಿಗಳು ಅಷ್ಟು ಸಣ್ಣ ಕೆಲಸ ಮಾಡಲು ಆಯಿತು. ಅಷ್ಟು ಸಣ್ಣ ಕೆಲಸ ಫೋಟೊದಲ್ಲಿ ಕಾಣಬೇಕಾದರೆ ಬೆಳಕು ಪಕ್ಕದಿಂದ ಬೀಳಬೇಕು. ನೆತ್ತಿ ಮೇಲಿನ ಬಿಸಿಲಿನಲ್ಲಿ ತೆಗೆದರೆ ಎಲ್ಲಾ ಚಪ್ಪಟೆ.

ಹಳೇಬೀಡಿನ ಹೊಯ್ಸಳೇಶ್ವರನನ್ನೇ ತಗೊಳ್ಳಿ. ಕೆಲಸ ಶುರುವಾಗಿದ್ದು 1121ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ. ಗುಡಿಗೆ ಪೂರ್ವದ ಕಡೆ ಮುಖ. ಹಾಗಾಗಿ ಬಂದವರೆಲ್ಲ ಬೆಳಿಗ್ಗೆ ನಂದಿ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಒಂದು ಸುತ್ತು ಹಾಕಿ ಊಟದ ಹೊತ್ತಿಗೆ ಬೇಲೂರಿಗೆ ಹೊರಡುತ್ತಾರೆ. ಆದರೆ ಗುಡಿಯ ನಿಜವಾದ ಸಂಪತ್ತು ಇರುವುದು ಹಿಂದೆ, ಪಶ್ಚಿಮದ ಗೋಡೆಯಲ್ಲಿ. ದೊಡ್ಡ ದೊಡ್ಡ ವಿಗ್ರಹಗಳ ಸಾಲು ಅಲ್ಲಿದೆ. ಬೆಳಿಗ್ಗೆ ಅದು ಪೂರ್ತಿ ನೆರಳಿನಲ್ಲಿರುತ್ತದೆ. ಮಧ್ಯಾಹ್ನ ಮೂರೂವರೆ ನಾಲ್ಕರ ಮೇಲೆ ಬಿಸಿಲು ಅಲ್ಲಿಗೆ ಬರುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನಲ್ಲ, ಆಗ ಬೆಳಕು ಗೋಡೆಗೆ ಸವರಿಕೊಂಡು ಹೋಗುತ್ತದೆ. ಆನೆಯ ಸೊಂಡಿಲಿನ ಸುಕ್ಕು, ನರ್ತಕಿಯ ಗೆಜ್ಜೆ, ಒಡವೆಯ ಒಂದೊಂದು ಮಣಿ, ಎಲ್ಲಾ ಬಿಡಿಬಿಡಿಯಾಗಿ ಎದ್ದು ಬರುತ್ತವೆ.

ಇನ್ನೊಂದು ವಿಷಯ. ಗೋಡೆ ನೆಟ್ಟಗಿಲ್ಲ, ನಕ್ಷತ್ರದಂತೆ ಮಡಿಕೆ ಮಡಿಕೆಯಾಗಿದೆ. ಒಂದು ಮಡಿಕೆ ಬಿಸಿಲಿನಲ್ಲಿದ್ದರೆ ಪಕ್ಕದ್ದು ನೆರಳಿನಲ್ಲಿ. ಅರ್ಧ ಗಂಟೆ ಬಿಟ್ಟು ಬಂದರೆ ನೆರಳಿನಲ್ಲಿದ್ದವನು ಬೆಳಕಿಗೆ ಬಂದಿರುತ್ತಾನೆ. ಹೀಗಾಗಿ ಒಂದೇ ಗೋಡೆಯ ಮುಂದೆ ಸಂಜೆವರೆಗೂ ಕೂತರೂ ಬೇಜಾರಾಗುವುದಿಲ್ಲ. ಕೆಳಗಿನ ಸಾಲುಗಳಿಗಂತೂ ನೆಲದ ಮಟ್ಟಕ್ಕೆ ಬಗ್ಗಲೇಬೇಕು. ಅಡಿಯಲ್ಲಿ ಆನೆ, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ. ಮೊಣಕಾಲು ಊರಿ ಕೂತ ಮೆಡಿಕಲ್ ಶಾಪ್ ಗೆಳೆಯನಿಗೆ ಏಳಲು ನಾವೇ ಕೈ ಕೊಡಬೇಕು. ಮಂಡಿ ನೋವಿಗೆ ಅವನೇ ದಿನಾ ಮಾತ್ರೆ ಮಾರುವವನು!

ಬೇಲೂರಿನದು ಬೇರೆ ಕಷ್ಟ. 1117ರ ಚೆನ್ನಕೇಶವ ಗುಡಿಗೆ ಮೊದಲು ಶಿಖರ ಇತ್ತು. 19ನೇ ಶತಮಾನದಲ್ಲಿ ಭಾರ ಕಡಿಮೆ ಮಾಡಲು ಅದನ್ನು ಇಳಿಸಿದರು. ಹಾಗಾಗಿ ದೂರ ನಿಂತು ಇಡೀ ಗುಡಿ ತೆಗೆದರೆ ಮೇಲ್ಭಾಗ ಬೋಳು ಬೋಳು. ಹತ್ತಿರ ಹೋಗಲೇಬೇಕು. ಹತ್ತಿರ ಹೋದರೆ ಮದನಿಕೆಯರು, ಅದೇ ದರ್ಪಣ ಸುಂದರಿಯಂಥ ಸುಂದರಿಯರ ಶಿಲ್ಪಗಳು. ಹೊರಗೆ 38, ಒಳಗೆ ನಾಲ್ಕು. ಹೊರಗಿನವರು ಸೂರಿನ ಅಡಿಯಲ್ಲಿ ಮುಂದಕ್ಕೆ ಬಾಗಿ ನಿಂತಿದ್ದಾರೆ. ಮುಖ ಕತ್ತಲು, ಹಿಂದೆ ಆಕಾಶ ಬೆಳ್ಳಗೆ. ಕ್ಯಾಮೆರಾ ಆಕಾಶ ನೋಡಿ ಲೆಕ್ಕ ಹಾಕಿದರೆ ಮದನಿಕೆ ಬರೀ ಕರೀ ಆಕಾರ ಆಗುತ್ತಾಳೆ. ಇದಕ್ಕೆ ಫ್ಲ್ಯಾಶ್ ಹಾಕುವವರನ್ನು ನೋಡಿದರೆ ನನಗೆ ಸಂಕಟ. ಸುಮ್ನೆ ಹತ್ತು, ಹತ್ತೂವರೆ ತನಕ ಕಾಯಿರಿ. ಅಂಗಳದ ಕಲ್ಲುಹಾಸಿನ ಮೇಲೆ ಬಿಸಿಲು ಬಿದ್ದು, ಅಲ್ಲಿಂದ ಪುಟಿದು, ಸೂರಿನ ಅಡಿಗೆ ಹೋಗುತ್ತದೆ. ಕೆಳಗಿನಿಂದ ಬರುವ ಆ ಮೆತ್ತನೆ ಬೆಳಕಿನಲ್ಲಿ ಮುಖ ಪೂರ್ತಿ ಕಾಣುತ್ತದೆ. ಒಂದೇ ತೊಂದರೆ, ಅದೇ ಕಲ್ಲಿನ ಮೇಲೆ ನೀವೂ ಬರಿಗಾಲಲ್ಲಿ ನಿಂತಿರುತ್ತೀರಿ. ದಪ್ಪ ಸಾಕ್ಸ್ ಒಂದು ಜೊತೆ ಚೀಲದಲ್ಲಿರಲಿ. ಟ್ರೈಪಾಡ್ ಬೇಡ. ಈ ಎರಡೂ ಕಡೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಬಿಡುವುದಿಲ್ಲ.

ಶ್ರವಣಬೆಳಗೊಳದ ಗೊಮ್ಮಟನದು ಉತ್ತರಕ್ಕೆ ಮುಖ. ಇದನ್ನು ಗಮನಿಸದೆ ಡಿಸೆಂಬರಿನಲ್ಲಿ ಹೋಗುವವರು ಜಾಸ್ತಿ. ಆಗ ಸೂರ್ಯ ಇಡೀ ದಿನ ಬೆನ್ನ ಕಡೆಯೇ ಇರುತ್ತಾನೆ, ಮುಖ ನೆರಳಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಮೇ ತಿಂಗಳ ಬೆಳಗಿನ ಹೊತ್ತು ಬಲ ಕೆನ್ನೆಗೆ ಬೀಳುವ ಬೆಳಕು ನೋಡಿಯೇ ಬಿಡಬೇಕು. ಬೆಟ್ಟ ಹತ್ತುವುದು ಮಾತ್ರ ಬಿಸಿಲೇರುವ ಮುಂಚೆ.

ಇಷ್ಟೆಲ್ಲಾ ಬೆಳಕಿನ ಲೆಕ್ಕ ಹಾಕಿ, ಕಾದು ಕೂತು, ಕೊನೆಗೆ ನಾವು ಮಾಡುವುದೇನು? ಹಳದಿ ಸೀರೆಯ ಅಮ್ಮ ಫ್ರೇಮಿನಿಂದ ಆಚೆ ಹೋಗಲಿ ಅಂತ ಕಾಯುತ್ತೇವೆ. ಗೋಡೆ ತೊಳೆಯುವವರ ನೀಲಿ ಬಕೆಟ್ ಕಾಣದ ಹಾಗೆ ಪಕ್ಕಕ್ಕೆ ಸರಿಯುತ್ತೇವೆ. ಮನೆಗೆ ಬಂದು ಉಳಿದದ್ದನ್ನು ಕಂಪ್ಯೂಟರಿನಲ್ಲಿ ಅಳಿಸುತ್ತೇವೆ. ಈಗಂತೂ ಮೊಬೈಲೇ ಬೆರಳು ಸವರಿದರೆ ಮನುಷ್ಯರನ್ನು ಮಾಯ ಮಾಡುತ್ತದೆ.

ಹಳೇಬೀಡಿನ ಹಳೇ ಫೋಟೊಗಳನ್ನು ನೋಡಿದ ಮೇಲೆ ನನಗೆ ಇದು ಜಾಸ್ತಿ ಕಾಡಲು ಶುರುವಾಯಿತು. ಕ್ಯಾಮೆರಾ ಅನ್ನುವುದು ಜಗತ್ತಿಗೇ ಹೊಸದಾಗಿದ್ದಾಗ, 1850ರ ದಶಕದಲ್ಲೇ ಹಳೇಬೀಡಿಗೆ ಕ್ಯಾಮೆರಾ ಬಂದಿತ್ತು. ರಿಚರ್ಡ್ ಬ್ಯಾನರ್ ಓಕ್ಲಿ ಅನ್ನುವವನು ಹೊಯ್ಸಳೇಶ್ವರ ಗುಡಿಯ 56 ಫೋಟೊಗಳನ್ನು 1859ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ತಂದ. ಅದೇ ದಶಕದಲ್ಲಿ ಆಂಡ್ರ್ಯೂ ನೀಲ್ ಅನ್ನೋ ವೈದ್ಯನೂ ಈ ಕಡೆಯ ಗುಡಿಗಳ ಫೋಟೊ ತೆಗೆದ. ಕಸುಬು ವೈದ್ಯನದು, ಕ್ಯಾಮೆರಾ ಹವ್ಯಾಸ. ನಮ್ಮ ಮೆಡಿಕಲ್ ಶಾಪ್ ಗೆಳೆಯನಿಗೆ ಇದನ್ನು ಹೇಳಿದಾಗಿನಿಂದ ಅವನ ನಡಿಗೆಯೇ ಬೇರೆಯಾಗಿದೆ.

ಹೊಯ್ಸಳೇಶ್ವರದಿಂದ ಸ್ವಲ್ಪ ದೂರದಲ್ಲಿ ಕೇದಾರೇಶ್ವರ ಗುಡಿ ಇದೆ. ಎರಡನೇ ಬಲ್ಲಾಳ ಮತ್ತು ರಾಣಿ ಕೇತಲದೇವಿ ಕಟ್ಟಿಸಿದ್ದು. ಮುಂದೆ ಹುಲ್ಲುಹಾಸು, ಜನ ಕಡಿಮೆ, ಫೋಟೊಗೆ ಹೇಳಿ ಮಾಡಿಸಿದ ಜಾಗ. ಈಗ ಅದಕ್ಕೆ ಗೋಪುರ ಇಲ್ಲ. 19ನೇ ಶತಮಾನದ ಫೋಟೊದಲ್ಲಿ ಇದೆ! ಗೋಪುರದ ತಲೆಯ ಮೇಲೆ ಮರವೂ ಬೆಳೆದಿದೆ. ಆ ಮರದ ಬೇರು ಕಲ್ಲಿನ ಸಂದಿಗೆ ಇಳಿದು, ಕಲ್ಲುಗಳನ್ನು ಸಡಿಲಿಸಿ, ಆಮೇಲೆ ಗೋಪುರವನ್ನೇ ಕೆಡವಿತು. ಆ ಫೋಟೊ ತೆಗೆದವನು ಮರ ಅಸಹ್ಯ ಕಾಣುತ್ತದೆ ಅಂತ ಬರೀ ಬಾಗಿಲವಾಡ, ಬರೀ ಗೋಡೆ ತೆಗೆದು ಬಂದಿದ್ದರೆ? ಗೋಪುರ ಹೇಗಿತ್ತು ಅನ್ನುವುದೂ ಇಲ್ಲ, ಯಾಕೆ ಬಿತ್ತು ಅನ್ನುವುದೂ ಇಲ್ಲ. ಅವನಿಗೆ ಮರ ಬೇಕಿತ್ತೋ ಬೇಡವಾಗಿತ್ತೋ, ಫೋಟೊದಲ್ಲಂತೂ ಉಳಿಯಿತು.

ಇದನ್ನು ಮೇಷ್ಟ್ರ ಹತ್ತಿರ ಹೇಳಿದೆ. ಅವರು ಒಪ್ಪಲಿಲ್ಲ. “ಏನು ಬಿಡಬೇಕು ಅಂತ ಗೊತ್ತಿರೋನಿಗೇ ಚಿತ್ರ ಬರೋದು ಕಣಯ್ಯ. ಎಲ್ಲಾನೂ ತುಂಬಿಸೋಕೆ ಅದೇನು ಸಂತೆ ಚೀಲವಾ?” ಅಂದರು. ನಲವತ್ತು ವರ್ಷಕ್ಕೆ ಹತ್ತಿರ ಮಕ್ಕಳಿಗೆ ಚಿತ್ರ ಕಲಿಸಿದವರು, ಅವರ ಮಾತು ತೆಗೆದುಹಾಕುವ ಹಾಗಿಲ್ಲ. ಅಂದವಾದ ಫೋಟೊಗೆ ಅವರ ಮಾತೇ ಸರಿ. ಆದರೆ ಈಗ ಕ್ಯಾಮೆರಾದಲ್ಲಿ ರೀಲು ಇಲ್ಲ, ಖರ್ಚಿಲ್ಲ. ಅಂದದ್ದೊಂದು ತೆಗೆದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಬಂದು, ಇದ್ದದ್ದನ್ನು ಇದ್ದ ಹಾಗೆ ಇನ್ನೊಂದು ತೆಗೆಯಲು ಏನು ಕಷ್ಟ, ಅಲ್ವಾ?

ಶೆಟ್ಟಿಹಳ್ಳಿಗೆ ಬರೋಣ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು, ಹಿನ್ನೀರು ಏರಿ, ಊರು ಖಾಲಿಯಾಯಿತು. ಚರ್ಚು ಮಾತ್ರ ಉಳಿಯಿತು. ಮಳೆಗಾಲದಲ್ಲಿ ನೀರಿನೊಳಗೆ, ಬೇಸಿಗೆಯಲ್ಲಿ ಒಣನೆಲದ ಮೇಲೆ. ಎಷ್ಟೋ ವರ್ಷಗಳಿಂದ ಹೀಗೆ ನೆನೆದು ಒಣಗಿ, ನೆನೆದು ಒಣಗಿ, ಗೋಡೆಗಳು ಸೋತಿವೆ. ಇತ್ತೀಚೆಗೆ ಒಂದಷ್ಟು ಭಾಗ ಬಿದ್ದೇಹೋಯಿತು. ನಮ್ಮ ಗುಂಪಿನ ಹಳೇ ಫೋಟೊ, ಹೊಸ ಫೋಟೊ ಪಕ್ಕಪಕ್ಕ ಇಟ್ಟು ಯಾವ ಕಮಾನು ಹೋಯಿತು ಅಂತ ನೋಡಲು ಕೂತೆವು. ನೋಡಿದರೆ ಎಲ್ಲರದೂ ಒಂದೇ ಕೋನ! ಸಂಜೆ ಬೆಳಕು, ನೀರಿನಲ್ಲಿ ಬಿಂಬ, ಮುಂದೆ ಒಂದು ತೆಪ್ಪ. ಹಿಂಬದಿಯ ಗೋಡೆ ಹೇಗಿತ್ತು ಅಂತ ತಿಳಿದದ್ದು ಬ್ಯಾಂಕಿನ ಹುಡುಗಿ ತೆಗೆದ ಒಂದೇ ಒಂದು ಫೋಟೊದಿಂದ. ಅದೂ ಯಾರೋ ಗೋಡೆ ಮೇಲೆ ಹೆಸರು ಕೆತ್ತಿದ್ದಾರೆ ಅಂತ ಸಿಟ್ಟು ಬಂದು ತೆಗೆದದ್ದು.

ಅಲ್ಲಿಗೇ ಸಂಬಂಧಪಟ್ಟ ಇನ್ನೊಂದು ಮಾತಿದೆ. ಹಿನ್ನೀರಿನ ಹತ್ತಿರದ ಒಂದು ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದಾಗ, ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಅಜ್ಜಿಯೊಬ್ಬರು ಸಿಕ್ಕಿದ್ದರು. ಕ್ಯಾಮೆರಾ ನೋಡಿ, “ಚರ್ಚಿನ್ ಫೋಟೊ ಎಲ್ರತ್ರನೂ ಐತೆ. ನಮ್ ಮನೇದು ಒಂದೂ ಇಲ್ಲ ಕಣಪ್ಪ” ಅಂದರು. ಆಮೇಲೆ ಮನೆ ಎಲ್ಲಿತ್ತು, ಬಾಗಿಲು ಯಾವ ಕಡೆಗಿತ್ತು, ಹಟ್ಟಿಯ ಪಕ್ಕದ ಹಲಸಿನ ಮರ ಎಷ್ಟು ದಪ್ಪ ಇತ್ತು ಅಂತ ಕೈಯಲ್ಲಿ ನೀರಿನ ಕಡೆ ತೋರಿಸುತ್ತಾ ಹೇಳಿದರು. ಬಡವರ ಮನೆಯ ಮುಂದೆ ಯಾರು ಆಗ ಕ್ಯಾಮೆರಾ ಹಿಡಿಯುತ್ತಿದ್ದರು? ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಆದರೂ ಚರ್ಚಿನ ದಾರಿಯ ಹಳ್ಳಿಗಳ ಫೋಟೊ ಯಾರ ಮೊಬೈಲಿನಲ್ಲಾದರೂ ಇದೆಯಾ ಅಂತ ಹುಡುಕಿ ನೋಡಿ.

ದೊಡ್ಡಗದ್ದವಳ್ಳಿ ನನಗೆ ಬೇಲೂರಿಗಿಂತ ಇಷ್ಟ. ಹಾಸನದಿಂದ ಬೇಲೂರಿನ ಕಡೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಒಳಗೆ ಹೋಗಬೇಕು. ಬೇಲೂರಿಗಿಂತ ಸ್ವಲ್ಪ ಹಳೆಯದು, 1113ರ ಸುಮಾರಿನದು. ರಾಜ ಕಟ್ಟಿಸಿದ್ದಲ್ಲ. ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ. ನಾಲ್ಕು ಗರ್ಭಗುಡಿ, ಪಕ್ಕದಲ್ಲೇ ಕೆರೆ. ಒಳಗೆ ಕಾಳಿಯ ಗುಡಿಯ ಬಾಗಿಲಿಗೆ ಎರಡು ಕಡೆ ಬೇತಾಳಗಳು. ಬರೀ ಎಲುಬಿನ ಗೂಡು, ಎತ್ತರದ ಆಳು. ಒಳಗಿನ ಕತ್ತಲಿಗೆ ಕಣ್ಣು ಹೊಂದುವ ತನಕ ಕಾಣುವುದಿಲ್ಲ, ಕಂಡಾಗ ಹಿಂದೆ ಸರಿಯುವ ಹಾಗಾಗುತ್ತದೆ. ಬ್ಯಾಂಕಿನ ಹುಡುಗಿ ಅವುಗಳ ಫೋಟೊ ತೆಗೆದು ಮೊಬೈಲಿನ ವಾಲ್‌ಪೇಪರ್ ಮಾಡಿಕೊಂಡಿದ್ದಾಳೆ. ಸಾಲ ಕೇಳಲು ಬರುವವರು ನೋಡಿ ಬೆಚ್ಚುತ್ತಾರಂತೆ.

2020ರ ನವೆಂಬರಿನಲ್ಲಿ ಅಲ್ಲಿನ ಕಾಳಿಯ ವಿಗ್ರಹ ಒಡೆದು ಬಿದ್ದದ್ದು ಕಂಡುಬಂತು. ಪೇಪರಿನಲ್ಲಿ ದೊಡ್ಡ ಸುದ್ದಿಯಾಯಿತು. ಆ ವಾರ ನಮ್ಮ ಗುಂಪಿನವರೆಲ್ಲ ಹಾರ್ಡ್ ಡಿಸ್ಕ್ ತೆಗೆದು ಕೂತೆವು. ಕಾಳಿಯ ಫೋಟೊ ಇತ್ತು. ಆದರೆ ಮೇಷ್ಟ್ರು ತೆಗೆದದ್ದರಲ್ಲಿ ದೀಪದ ಬೆಳಕಿಗೆ ಮುಖ ಮಾತ್ರ, ನನ್ನದರಲ್ಲಿ ಆಯುಧ ಹಿಡಿದ ಕೈ ಮಾತ್ರ. ಎರಡೂ ಕಲಾತ್ಮಕ! ಪೀಠದಿಂದ ಪ್ರಭಾವಳಿಯ ತನಕ ಇಡೀ ವಿಗ್ರಹ ಇದ್ದದ್ದು ಮೆಡಿಕಲ್ ಶಾಪ್ ಗೆಳೆಯನ ಹೆಂಡತಿ ಹಳೇ ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ. ಮಂಗಳಾರತಿ ತಟ್ಟೆ ಇದೆ, ಗೋಡೆಯ ಸ್ವಿಚ್ ಬೋರ್ಡ್ ಇದೆ, ಪಕ್ಕದಲ್ಲಿ ಅವರ ಮಗನ ಅರ್ಧ ತಲೆಯೂ ಇದೆ. ಬೇಕಾದದ್ದೆಲ್ಲ ಇದೆ.

ಚಿಕ್ಕಮಗಳೂರಿನ ಗಿರಿಯ ಕಡೆ ನಾವು ಈಗ ಹೋಗುವುದು ಕಡಿಮೆ. ಶನಿವಾರ ಭಾನುವಾರ ಆ ರಸ್ತೆಯಲ್ಲಿ ಕಾರಿನ ಸಾಲು ನೋಡಿಯೇ ಸುಸ್ತು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ನಿಂತು ಹಾರ್ನ್ ಸದ್ದು ಕೇಳಬೇಕಾ? 2022ರಲ್ಲಿ, ಎಷ್ಟೋ ವರ್ಷಕ್ಕೊಮ್ಮೆ ಅರಳುವ ಕುರಿಂಜಿ ಹೂ ಬಿಟ್ಟಾಗ ಹೋಗಿದ್ದೆವು. ಗುಡ್ಡದ ಇಳಿಜಾರಿಗೆಲ್ಲ ನೀಲಿ. ಅಷ್ಟು ವರ್ಷ ಕಾದು ಅರಳಿದ ಗಿಡದ ನಡುವೆ ನುಗ್ಗಿ, ತುಳಿದು, ಮಲಗಿ ಫೋಟೊ ತೆಗೆಸಿಕೊಳ್ಳುವವರ ಜಾತ್ರೆ. ಮೇಷ್ಟ್ರು ಬೈದು ಬೈದು ಗಂಟಲು ಕಟ್ಟಿಸಿಕೊಂಡರು. ಆ ತುಳಿದ ದಾರಿಗಳ ಫೋಟೊವನ್ನೂ ನಾನು ತೆಗೆದೆ. ಮೊದಲ ಸಲ ಮೇಷ್ಟ್ರು ನನ್ನ ಕಡೆಗೆ ನೋಡಿ ಸರಿ ಅನ್ನುವ ಹಾಗೆ ತಲೆಯಾಡಿಸಿದ್ದು ಆಗಲೇ.

ಗಿರಿಗಿಂತ ನನಗೆ ಕಾಫಿ ಹೂವಿನ ಕಾಲ ಮೇಲು. ಮಾರ್ಚ್, ಏಪ್ರಿಲಿನಲ್ಲಿ ಒಂದು ಹದವಾದ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಅಷ್ಟೇ, ಆಮೇಲೆ ಕಂದು. ಮೂಡಿಗೆರೆ ಕಡೆ ತೋಟ ಇರುವ ಪರಿಚಯದವರು ಫೋನ್ ಮಾಡಿದ ದಿನವೇ ಓಡಬೇಕು. ಅಲ್ಲಿಯೂ ಹೂವಿನ ಜೊತೆಗೆ ಸ್ಪ್ರಿಂಕ್ಲರ್ ಪೈಪು, ಡೀಸೆಲ್ ಎಂಜಿನ್ನು ಬರಲಿ ಅಂತ ನಾನು ಹಟ ಮಾಡುತ್ತೇನೆ. ಮಳೆ ಕೈಕೊಟ್ಟ ವರ್ಷ ಕೆರೆಯ ನೀರು ಚಿಮ್ಮಿಸಿಯೇ ಹೂ ಬರಿಸಬೇಕು. ಆ ಪೈಪು ಕಂಡರೆ, ಆ ವರ್ಷ ಹೂಮಳೆ ಬರಲಿಲ್ಲ ಅಂತ ತೋಟದವರು ಫೋಟೊ ನೋಡಿಯೇ ಹೇಳುತ್ತಾರೆ.

ಗೊಮ್ಮಟನ ವಿಷಯದಲ್ಲೂ ಹೀಗೇ ಆಯಿತು. 2018ರ ಮಹಾಮಸ್ತಕಾಭಿಷೇಕಕ್ಕೆ ಮೂರ್ತಿಯ ಹಿಂದೆ ದೊಡ್ಡ ಅಟ್ಟಣಿಗೆ ಕಟ್ಟಿದ್ದರು. ಕಬ್ಬಿಣದ ಕಂಬಿಗಳಿಂದ ಫೋಟೊ ಕೆಟ್ಟಿತು ಅಂತ ಆಗ ಗೊಣಗದವರಿಲ್ಲ. ಈಗ ನೋಡಿದರೆ ನನ್ನ ಬೆಳಗೊಳದ ಫೋಟೊಗಳಲ್ಲಿ ಜನ ನಿಂತು ನೋಡುವುದು ಅದೊಂದನ್ನೇ. ಮೇಲೆ ಕಳಶ ಹಿಡಿದವರು ಎಷ್ಟು ಸಣ್ಣಗೆ ಕಾಣುತ್ತಾರೆ ಅಂದರೆ, 57 ಅಡಿ ಅಂದರೆ ಎಷ್ಟು ಅಂತ ಬೇರೆ ಹೇಳಬೇಕಾಗಿಲ್ಲ. ಜನರನ್ನು ಅಳಿಸಿದ ಫೋಟೊದಲ್ಲಿ ಗೊಮ್ಮಟ 57 ಅಡಿಯೂ ಇರಬಹುದು, ಐದು ಅಡಿಯೂ ಇರಬಹುದು.

ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಹೆಮ್ಮೆಯ ವಿಷಯವೇ. ಇನ್ನು ಮುಂದೆ ಗುಡಿಯ ಸುತ್ತ ಏನೇನೋ ಬದಲಾಗುತ್ತದೆ. ಎಳನೀರು ಮಾರುವ ಜಾಗ ಬದಲಾಗುತ್ತದೆ, ಚಪ್ಪಲಿ ಬಿಡುವ ಜಾಗ ಬದಲಾಗುತ್ತದೆ, ಬೋರ್ಡುಗಳು ಬದಲಾಗುತ್ತವೆ. ಗೋಡೆಯ ಮೇಲಿನ ಆನೆಗಳನ್ನು ಇಲಾಖೆಯವರೂ ಚೆನ್ನಾಗಿ ಫೋಟೊ ತೆಗೆದಿಟ್ಟಿರುತ್ತಾರೆ. ಎಳನೀರಿನ ತಳ್ಳುಗಾಡಿಯ ಫೋಟೊ ತೆಗೆಯುವವರು ಯಾರು? ನಮ್ಮಂಥ ಕೆಲಸವಿಲ್ಲದವರೇ ತೆಗೆಯಬೇಕು.

ಇದಕ್ಕೆ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಯಾವ ಗುಡಿಗೆ ಹೋದರೂ ಮೊದಲು ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೊ. ಏನು ಬಂತೋ ಬರಲಿ. ಬೋರ್ಡೂ ಇರಲಿ, ಬಕೆಟ್ಟೂ ಇರಲಿ, ಪ್ರೀ-ವೆಡ್ಡಿಂಗ್ ಶೂಟಿನ ಗೌನೂ ಇರಲಿ. ಆಮೇಲೆ ಬೇಕಾದ ಹಾಗೆ ಬಗ್ಗಿ, ಮಲಗಿ, ಕಾದು ತೆಗೆಯುವುದು. ಮನೆಗೆ ಬಂದು ಊರು, ತಾರೀಖು, ಯಾವ ಕಡೆಯ ಗೋಡೆ ಅಂತ ಫೈಲಿಗೆ ಹೆಸರು ಹಾಕುವುದು. ಇದು ಬೇಜಾರಿನ ಕೆಲಸ, ಆದರೆ ಮಾಡದಿದ್ದರೆ ಮುಂದೆ ಯಾವ ಆನೆ ಯಾವ ಊರಿನದು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಮನುಷ್ಯರನ್ನು ಹತ್ತಿರದಿಂದ ತೆಗೆಯುವುದಾದರೆ ಕೇಳಿಯೇ ತೆಗೆಯುತ್ತೇವೆ. ಬೇಡ ಅಂದರೆ ಬಿಡುತ್ತೇವೆ. ತೆಗೆದರೆ ಮುಂದಿನ ಸಲ ಹೋಗುವಾಗ ಪ್ರಿಂಟ್ ಹಾಕಿಸಿಕೊಂಡು ಹೋಗಿ ಕೊಡುತ್ತೇವೆ. ಹಳೇಬೀಡಿನಲ್ಲಿ ಗುಲಾಬಿ ಮಾರುವ ಅಕ್ಕ ತನ್ನ ಫೋಟೊ ನೋಡಿ, “ಹಿಂದೆ ಗುಡಿ ಯಾಕಣ್ಣ ಇಷ್ಟೊಂದು ಬಂದೈತೆ?” ಅಂದಿದ್ದಳು. ಅವಳ ದೃಷ್ಟಿಯಲ್ಲಿ ಅನವಶ್ಯಕವಾದದ್ದು ಗುಡಿ.

ಮಳೆ ಕಳೆದ ಮೇಲೆ ಕೋರವಂಗಲಕ್ಕೆ ಹೋಗೋಣ ಅಂತ ಮಾತಾಗಿದೆ. ಹಾಸನದ ಪಕ್ಕದಲ್ಲೇ ಇದೆ, ಎರಡನೇ ಬಲ್ಲಾಳ ಪಟ್ಟಕ್ಕೆ ಬಂದ ಸಂತೋಷಕ್ಕೆ 1173ರಲ್ಲಿ ಬೂಚಿರಾಜ ಕಟ್ಟಿಸಿದ ಬೂಚೇಶ್ವರ ಗುಡಿ. ಅಲ್ಲಿಗೆ ಟೂರಿಸ್ಟ್ ಬಸ್ಸಿನ ಕಾಟ ಇಲ್ಲ. ಅಂಗಳದಲ್ಲಿ ಒಣಗಿದ ಎಲೆ, ಕಡ್ಡಿ ಬಿದ್ದಿರುತ್ತವೆ, ಫೋಟೊ ಚೆನ್ನಾಗಿ ಬರುವುದಿಲ್ಲ, ಈ ಸಲ ಮನೆಯಿಂದ ಪೊರಕೆ ತರುತ್ತೇನೆ ಅಂತ ಮೇಷ್ಟ್ರು ಹೇಳಿದ್ದಾರೆ. ತನ್ನಿ ಮೇಷ್ಟ್ರೇ, ಆದರೆ ನೀವು ಗುಡಿಸಲು ಶುರು ಮಾಡುವ ಮುಂಚೆ ನನಗೆ ಐದು ನಿಮಿಷ ಕೊಡಿ ಅಂದಿದ್ದೇನೆ. ಪೊರಕೆ ಹಿಡಿದ ಮೇಷ್ಟ್ರದ್ದೂ ಒಂದು ತೆಗೆಯಬೇಕು ಅಂತಿದೆ. ಅದನ್ನು ಇನ್ನೂ ಹೇಳಿಲ್ಲ.